ನೂರಾ ಹನ್ನೆರಡನೇ ಪುಟದ ಹೆಂಗಸು

ಬರ್ಕೊಳ್ತಿದೀಯಾ ಪುಟ್ಟಿ? ನಿಧಾನ ಬರಿ, ಓಡಬೇಡ. ನಾನು ಅಲ್ಲಿ ಇಲ್ಲಿ ಹೋದ್ರೂ ವಾಪಸ್ ಬರ್ತೀನಿ. ಮಧ್ಯೆ "ಅಜ್ಜೀ, ವಿಷಯಕ್ಕೆ ಬಾ" ಅಂತ ಎಳೀಬೇಡ. ವಿಷಯ ನಮ್ಮಕ್ಕ. ನಿನ್ನ ದೊಡ್ಡಜ್ಜಿ. ಅವಳು ಓದಿದಷ್ಟು ನಮ್ಮ ವಂಶದಲ್ಲಿ ಯಾರೂ ಓದಿಲ್ಲ. ನಾನಂತೂ ಎಪ್ಪತ್ತು ವರ್ಷ ಆಗೋವರೆಗೆ ಔಷಧಿ ಬಾಟ್ಲಿ ಮೇಲಿನ ಚೀಟಿ ಬಿಟ್ಟು ಏನೂ ಓದಿದವಳಲ್ಲ. ನಗಬೇಡ, ನಿಜ ಹೇಳ್ತಿದೀನಿ.

ಅವಳಿಗೆ ಈ ಚಟ ಹತ್ತಿದ್ದು ಪೊಟ್ಟಣದಿಂದ. ಆಗ ಅಂಗಡೀಲಿ ಬೇಳೆ, ಸಕ್ಕರೆ ಎಲ್ಲಾ ಹಳೇ ಪುಸ್ತಕದ ಹಾಳೇಲಿ ಕಟ್ಟಿಕೊಡೋರು. ಅಮ್ಮ ಸಾಮಾನು ಡಬ್ಬಿಗೆ ಸುರಿಯೋಕೆ ಮುಂಚೆ ಇವಳು ಪೊಟ್ಟಣ ಬಿಚ್ಚಿ, ಹಾಳೆ ಮಂಡಿ ಮೇಲೆ ಹಾಕಿ ತೀಡಿ ತೀಡಿ ಸಪಾಟು ಮಾಡೋಳು. ಆ ಹಾಳೇಲಿ ಕಥೆ ಶುರುನೂ ಇರ್ತಿರ್ಲಿಲ್ಲ, ಕೊನೇನೂ ಇರ್ತಿರ್ಲಿಲ್ಲ. ಯಾವನೋ ಏಣಿ ಹತ್ತುತಾನೆ, ಅಷ್ಟಕ್ಕೆ ಹಾಳೆ ಹರಿದಿರತ್ತೆ. ಅಕ್ಕ ಮಧ್ಯಾಹ್ನ ಪೂರ್ತಿ ಕೂತು ಆ ಏಣಿಯವನು ಏನಾದ ಅಂತ ನಂಗೆ ಹೇಳೋಳು. ಅಮ್ಮ ಬೈಯೋಳು, "ಇವಳ ಕೈಗೆ ಪೊಟ್ಟಣ ಕೊಟ್ರೆ ನೆಲಕ್ಕೆ ಸಕ್ಕರೆ, ಮನೆಗೆ ಬರೀ ಕಥೆ!" ಆದ್ರೂ ಅಮ್ಮ ಅಂಗಡಿಯವನ ಹತ್ರ "ಬರವಣಿಗೆ ಚೆನ್ನಾಗಿ ಕಾಣೋ ಹಾಳೇಲಿ ಕಟ್ಟಪ್ಪ" ಅಂತ ಹೇಳ್ತಿದ್ಲು. ನಾನೇ ಕೇಳಿದೀನಿ.

ಅಕ್ಕನಿಗೆ ಇಪ್ಪತ್ತು ತುಂಬೋ ಹೊತ್ತಿಗೆ ಒಂದು ಅಚ್ಚುಕೂಟದಲ್ಲಿ ಕೆಲಸ ಸಿಕ್ತು. ಓದೋ ಕೆಲಸ. ಹೇಗೆ ಅಂದ್ರೆ, ಬರೆದವರು ಕೈಯಲ್ಲಿ ಬರೆದುಕೊಟ್ಟ ಹಾಳೆ ಅಕ್ಕನ ಕೈಯಲ್ಲಿ. ಅಚ್ಚಾಗಿ ಬಂದ ಕರಡು ಎದುರಿಗೆ ಕೂತ ಮೇಷ್ಟ್ರ ಕೈಯಲ್ಲಿ. ಅವರು ಕರಡು ತಿದ್ದೋರು, ದಪ್ಪ ಕನ್ನಡಕ, ಬಾಯಿಬಿಟ್ರೆ ಎರಡು ಮಾತು. ಅಕ್ಕ ಜೋರಾಗಿ ಓದಬೇಕು, ಅವರು ಕಣ್ಣಲ್ಲಿ ಹಿಂಬಾಲಿಸಬೇಕು. ಸುಮ್ಮನೆ ಓದೋದಲ್ಲ, ಚುಕ್ಕೆ ಗೀಟು ಎಲ್ಲಾ ಬಾಯಲ್ಲಿ ಹೇಳಬೇಕು. "ಮಳೆ ಬಂತು, ಅಲ್ಪ, ಅವನು ಬರಲಿಲ್ಲ, ಪೂರ್ಣ. ಹೊಸ ಪ್ಯಾರಾ." ಹೀಗೆ ಬೆಳಿಗ್ಗೆಯಿಂದ ಸಾಯಂಕಾಲದ ತನಕ. ಅಲ್ಲಿ ಸೀಸದ ಅಚ್ಚುಮೊಳೆ ಜೋಡಿಸೋರೆಲ್ಲ ಅವಳನ್ನ ಪೂರ್ಣಮ್ಮ ಅಂತಾನೇ ಕರೆಯೋರು. ಅದೇ ಅವಳ ಹೆಸರು ಅಂತ ಎಷ್ಟೋ ಜನ ತಿಳ್ಕೊಂಡಿದ್ರು.

ಮನೇಲೂ ಅದೇ ಪಾಡು. ನಮ್ಮ ಭಾವ ದರ್ಜಿ, ಬಹಳ ತಮಾಷೆ ಮನುಷ್ಯ. "ನೋಡು ನಾದಿನಿ, ನಿಮ್ಮಕ್ಕ ಬೈಯೋವಾಗ್ಲೂ ಉದ್ಗಾರ ಚಿಹ್ನೆ ಹಾಕಿ ಬೈತಾಳೆ. ಎಲ್ಲಿ ಮುಗೀತು ಅಂತ ನಂಗೆ ಗೊತ್ತಾಗತ್ತೆ, ಆವಾಗ ಓಡಿಹೋಗ್ತೀನಿ" ಅನ್ನೋರು.

ಆ ಕೆಲಸಕ್ಕೆ ಒಂದು ಕಟ್ಟುನಿಟ್ಟು ಇತ್ತು. ಮೊದಲನೇ ದಿನವೇ ಮೇಷ್ಟ್ರು ಹೇಳಿದ್ರಂತೆ. "ಓದ್ತಾ ಓದ್ತಾ ಕಥೆ ಹಿಂದೆ ಹೋಗಬೇಡಮ್ಮ. ಕಥೆ ಹಿಂದೆ ಹೋದ್ರೆ ಅಕ್ಷರ ಬಿಟ್ಟುಹೋಗತ್ತೆ. ಇಲ್ಲಿ ಬಾಯಲ್ಲಿ ಓದು. ಮನೆಗೆ ಹೋಗಿ ಹೊಟ್ಟೇಲಿ ಓದಿಕೋ."

ಅಕ್ಕ ಹಾಗೇ ಮಾಡಿದ್ಲು. ಹಗಲೆಲ್ಲಾ ಬಾಯಿ ಓದು. ಮನೆಗೆ ಬಂದು, ಕಾಲು ತೊಳೆದು, ಕಿಟಕಿ ಪಕ್ಕ ಗೋಡೆಗೆ ಒರಗಿ ಹೊಟ್ಟೆ ಓದು. ದಿನಕ್ಕೆ ಹದಿನಾಲ್ಕು ಪುಟ. ಹದಿಮೂರಲ್ಲ, ಹದಿನೈದಲ್ಲ. ಕಥೆ ಎಂಥಾ ಕಡೆ ನಿಂತ್ರೂ ಹದಿನಾಲ್ಕಕ್ಕೆ ಪುಸ್ತಕ ಮುಚ್ಚೋಳು. "ಅಯ್ಯೋ, ಮುಂದೇನಾಯ್ತು ನೋಡೇ" ಅಂದ್ರೆ, "ನಾಳೆ ಓದೋಕೆ ಆಸೆ ಉಳೀಬೇಕು ಕಣೇ, ಹಸಿವು ಇಟ್ಕೊಂಡು ಏಳಬೇಕು" ಅನ್ನೋಳು. ಮದುವೆ ದಿನಾನೂ ಓದಿದ್ಲು. ಜ್ವರದಲ್ಲೂ ಓದಿದ್ಲು. ಅಮ್ಮ ಹೋದ ದಿನಾನೂ, ಎಲ್ಲರೂ ಎದ್ದುಹೋದ ಮೇಲೆ ಓದಿದ್ಲು. ಆವತ್ತು ನಂಗೆ ಸಿಟ್ಟು ಬಂದಿತ್ತು. ಈಗಿಲ್ಲ.

ಈಗ ಕೇಳು. ಅಕ್ಕನಿಗೆ ಮೂವತ್ತೈದೋ ಮೂವತ್ತಾರೋ. ಅಚ್ಚುಕೂಟಕ್ಕೆ ಒಂದು ದಪ್ಪ ಕಾದಂಬರಿ ಬಂತು. ಅದರಲ್ಲೊಬ್ಬ ಹೆಂಗಸು. ಗಂಡ ಹಡಗಲ್ಲಿ ಹೋದೋನು, ಇನ್ನು ಬರಲ್ಲ ಅಂತ ಅವಳಿಗೆ ಕಾಗದ ಬರತ್ತೆ. ಅಕ್ಕ ಅಷ್ಟು ವರ್ಷ ಕಟ್ಟುನಿಟ್ಟಾಗಿದ್ದವಳು ಆವತ್ತು ಜಾರಿದ್ಲು. ಕಥೆ ಹಿಂದೆ ಹೋಗಿಬಿಟ್ಲು. ಕೈಬರಹದಲ್ಲಿ ಇದ್ದದ್ದು ಹೀಗೆ: "ಕಾಗದ ಮಡಚಿದಳು. ಗೋಡೆಗೆ ಒರಗಿ ಕೂತು ಅತ್ತಳು." ಅಲ್ಲಿಗೆ ಬರೋ ಹೊತ್ತಿಗೆ ಅಕ್ಕನ ಗಂಟಲು ಕಟ್ಟಿತು. ಮೊದಲನೇ ಅಕ್ಷರ ಗಂಟಲಲ್ಲೇ ಉಳೀತು. "...ತ್ತಳು, ಪೂರ್ಣ" ಅಂತ ಅಷ್ಟೇ ಆಚೆ ಬಂತು.

ಮೇಷ್ಟ್ರ ಕೈಲಿದ್ದ ಕರಡಲ್ಲಿ ಮೊಳೆ ಜೋಡಿಸಿದವನು ತಪ್ಪು ಮೊಳೆ ಹಾಕಿದ್ದ. "ಗೋಡೆಗೆ ಒರಗಿ ಕೂತು ಸತ್ತಳು" ಅಂತಿತ್ತು. ಮೇಷ್ಟ್ರು "ತ್ತಳು" ಕೇಳಿದ್ರು, "ಸತ್ತಳು" ನೋಡಿದ್ರು, ಪಾಪ, ಗಂಡ ಹೋದ ದುಃಖಕ್ಕೆ ಸತ್ತಿರ್ತಾಳೆ ಅಂದ್ಕೊಂಡು "ಹ್ಞೂಂ, ಮುಂದೆ" ಅಂದ್ರು. ಅಕ್ಕನಿಗೆ ಅತ್ತದ್ದಕ್ಕೆ ನಾಚಿಕೆಯಾಗಿ, ಅಲ್ಲಿಂದ ಕೊನೆ ತನಕ ಹಲ್ಲು ಕಚ್ಚಿ ಬರೀ ಬಾಯಲ್ಲೇ ಓದಿದ್ಲು. ಮುಂದೆ ಕಥೆ ಏನಾಯ್ತು ಅಂತ ಅವಳ ತಲೆಗೆ ಹೋಗಲೇ ಇಲ್ಲ.

ಪುಸ್ತಕ ಅಚ್ಚಾಯ್ತು. ರಟ್ಟು ಸ್ವಲ್ಪ ಸೊಟ್ಟಗಾದ ಒಂದು ಪ್ರತಿ ಅಕ್ಕನಿಗೆ ಕೊಟ್ರು. ಮನೇಲಿ ದಿನಕ್ಕೆ ಹದಿನಾಲ್ಕರ ಲೆಕ್ಕದಲ್ಲಿ ಓದ್ತಾ ಬಂದು ಎಂಟನೇ ದಿನ ನೂರಾ ಹನ್ನೆರಡನೇ ಪುಟ ಮುಟ್ಟಿದ್ಲು. ಆ ಪುಟದ ಕೊನೇ ಸಾಲು ಅದು. ಸತ್ತಳು. ಎದುರು ಪುಟದ ಮೊದಲನೇ ಸಾಲು, "ಬೆಳಿಗ್ಗೆ ಎದ್ದು, ಮುಖ ತೊಳೆದು, ಬಾಗಿಲು ತೆಗೆದಳು."

ನಾನು ಆವತ್ತು ಅವಳ ಮನೆಗೆ ಹೋಗಿದ್ದೆ. ಅಕ್ಕ ಗೋಡೆಗೆ ಒರಗಿ ಕೂತಿದ್ಲು, ಮುಖ ಸುಣ್ಣ ಆಗಿತ್ತು. ಪುಸ್ತಕ ನನ್ನ ಕಡೆ ತಿರುಗಿಸಿ ತೋರಿಸಿದ್ಲು.

"ಒಂದಕ್ಷರ ತಾನೇ ಅಕ್ಕಾ" ಅಂದೆ. "ಓದೋರು ಸರಿಮಾಡ್ಕೊಂಡು ಓದ್ಕೋತಾರೆ."

"ಮುಂದೆ ನೂರಿಪ್ಪತ್ತಾರು ಪುಟ ಇದೆ ಕಣೇ" ಅಂದ್ಲು. "ಅಡುಗೆ ಮಾಡ್ತಾಳೋ ಏನೋ. ನಗ್ತಾಳೋ ಏನೋ. ಸತ್ತಿದೀನಿ ಅಂತ ಅವಳಿಗೆ ಯಾರೂ ಹೇಳೇ ಇಲ್ಲ."

ಆ ಪುಸ್ತಕ ಅವಳು ಮುಂದಕ್ಕೆ ಓದಲಿಲ್ಲ. ಟ್ರಂಕಿಗೆ ಹಾಕಿ ಬೀಗ ಜಡಿದ್ಲು. ಒಂದು ಪುಸ್ತಕಾನೂ ಅರ್ಧಕ್ಕೆ ಬಿಟ್ಟವಳಲ್ಲ, ಅದೊಂದನ್ನ ಬಿಟ್ಲು. ಅಚ್ಚುಕೂಟದ ಯಜಮಾನರು, "ಎರಡನೇ ಮುದ್ರಣದಲ್ಲಿ ತಿದ್ದೋಣ ಬಿಡಮ್ಮ" ಅಂದ್ರು. ಎರಡನೇ ಮುದ್ರಣ ಬರಲೇ ಇಲ್ಲ.

ಆಮೇಲೆ ಶುರುವಾಯ್ತು. ಜೇನು ಸಾಕೋದು ಹೇಗೆ ಅಂತ ಒಂದು ಪುಸ್ತಕ ಓದ್ತಿದ್ಲು. ಜೇನು ಸಾಕೋಕಲ್ಲ, ಸಿಕ್ತು ಅಂತ ಓದ್ತಿದ್ಲು, ಅವಳಿಗೆ ಏನಾದ್ರೂ ನಡೆಯತ್ತೆ. ಒಂದು ಸಾಯಂಕಾಲ ನನ್ನ ಕೂಗಿದ್ಲು. "ಇಲ್ಲಿ ಬಾ. ಈ ಸಾಲು ಓದು."

ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. "ಪೆಟ್ಟಿಗೆಯ ಮುಚ್ಚಳವನ್ನು ನಿಧಾನವಾಗಿ ತೆಗೆಯಬೇಕು."

"ಅದಾದ ಮೇಲೆ?"

"ಹೊಗೆ ಹಾಕಬೇಕು ಅಂತಿದೆ."

"ಮಧ್ಯೆ ಒಂದು ಸಾಲಿದೆಯಲ್ಲೇ. ಗೋಡೆಗೆ ಒರಗಿ ಒಬ್ಬಳು ಕೂತಿದ್ದಾಳೆ, ಪೂರ್ಣ."

ಇರಲಿಲ್ಲ ಪುಟ್ಟಿ. ನಿನ್ನಾಣೆ ಇರಲಿಲ್ಲ. ಪುಟ ಎಷ್ಟು ಅಂತ ನೋಡಿದೆ. ನೂರಾ ಹನ್ನೆರಡು. ನನ್ನ ಕುತ್ತಿಗೆ ಹಿಂದೆ ಯಾರೋ ತಣ್ಣನೆ ಕೈ ಇಟ್ಟ ಹಾಗಾಯ್ತು.

ಆಮೇಲೆ ಯಾವ ಪುಸ್ತಕ ಹಿಡಿದ್ರೂ ಆ ಪುಟದಲ್ಲಿ ಅವಳು. ಪ್ರವಾಸದ ಪುಸ್ತಕದಲ್ಲಿ ಬೆಟ್ಟದ ಬುಡದಲ್ಲಿ ಗೋಡೆ, ಗೋಡೆಗೆ ಒರಗಿ ಅವಳು. ಗಣಿತದ ಪುಸ್ತಕದಲ್ಲೂ ಬಂದ್ಲಂತೆ. ಅಕ್ಕ ಜಾಣೆ ಅಲ್ವಾ, ಸಣ್ಣ ಪುಸ್ತಕ ಹುಡುಕೋಕೆ ಶುರುಮಾಡಿದ್ಲು. ನೂರು ಪುಟದೊಳಗಿನವು. ಸ್ವಲ್ಪ ದಿನ ನಡೀತು. ಒಂದು ದಿನ ತೊಂಬತ್ತಾರು ಪುಟದ ಪುಸ್ತಕ ಮುಗಿಸಿ, ಕೊನೇ ಹಾಳೆ ತಿರುಗಿಸಿ, ಪುಸ್ತಕ ದೂರ ಎಸೆದ್ಲು. ಅಲ್ಲಿ ಏನು ಕಂಡ್ಲೋ ನಂಗೆ ಹೇಳಲಿಲ್ಲ. ನಾನು ಕೇಳಲಿಲ್ಲ.

ಆವತ್ತಿಂದ ಓದೋದು ನಿಲ್ಲಿಸಿದ್ಲು. ಇಪ್ಪತ್ತೈದು ದಿನ. ಸಾಯಂಕಾಲ ಕಿಟಕಿ ಪಕ್ಕ ಬರೀ ಕೈ ಮಡಿಲಲ್ಲಿ ಇಟ್ಕೊಂಡು ಕೂರೋಳು. ಅನ್ನ ಸೇರಲಿಲ್ಲ, ಮೈ ಇಳಿದುಹೋಯ್ತು. ಭಾವ ನನ್ನ ಹತ್ರ ಬಂದ್ರು. ಆ ಮನುಷ್ಯನ ಮುಖದಲ್ಲಿ ನಗು ಇಲ್ಲದ್ದನ್ನ ನಾನು ಅದೇ ಮೊದಲು ನೋಡಿದ್ದು. "ನಾದಿನಿ, ಅವಳು ಬೈಯೋದೂ ಬಿಟ್ಟಿದಾಳೆ. ಅವಳು ಓದಬೇಕು. ಓದದೇ ಇದ್ರೆ ಅವಳು ಉಳಿಯಲ್ಲ. ಏನಾದ್ರೂ ಮಾಡು" ಅಂದ್ರು.

ನಾನು ಏನು ಮಾಡ್ಲಿ, ಓದೋಕೆ ಬಾರದ ಹೆಣ್ಣು! ಆದ್ರೆ ನಂಗೆ ಒಂದು ಹೊಳೀತು. ಬಟ್ಟೇಲಿ ಹೊಲಿಗೆ ತಪ್ಪಿದ್ರೆ ಭಾವ ಏನು ಮಾಡ್ತಾರೆ? ಬಿಚ್ಚಿ ಹೊಲೀತಾರೆ. ಭಾವನ ಬ್ಲೇಡು, ಅಕ್ಕನ ಸಣ್ಣ ಮೊನೆ ಪೆನ್ನು ಹಿಡ್ಕೊಂಡು ಅಕ್ಕ, ನಾನು ಇಬ್ಬರೂ ಹೊರಟ್ವಿ. ಅಚ್ಚುಕೂಟದಲ್ಲಿ ಉಳಿದಿದ್ದ ಪ್ರತಿಗಳು, ಅಂಗಡೀಲಿದ್ದವು, ಅವರಿವರ ಮನೇಲಿದ್ದವು. ಒಂದೊಂದರಲ್ಲೂ ನೂರಾ ಹನ್ನೆರಡು ತೆಗೆದು, 'ಸ' ಕೆರೆದು, 'ಅ' ಬರೆಯೋದು. ಲೈಬ್ರರೀಲಿ ಸಿಕ್ಕಿಬಿದ್ವಿ.

"ಏನ್ರಮ್ಮಾ, ವಯಸ್ಸಾದೋರು ನೀವು! ಲೈಬ್ರರಿ ಪುಸ್ತಕಕ್ಕೆ ಬ್ಲೇಡ್ ಹಾಕ್ತೀರಾ?" ಅಂತ ಲೈಬ್ರರಿಯವನು ಎಗರಾಡಿದ.

"ವಯಸ್ಸಾದೋರು ಯಾರಯ್ಯ? ನಾನು ಇವಳ ತಂಗಿ!" ಅಂದೆ. ನಂಗೆ ಆಗ ಮೂವತ್ತು.

ಅಕ್ಕ ಆ ಪುಟ ಅವನ ಮುಂದಿಟ್ಲು. ಅವನು ಓದಿದ. ಎದುರು ಪುಟ ಓದಿದ. ಮತ್ತೆ ಹಿಂದಕ್ಕೆ ಬಂದ. "ನಮ್ಮನೆಯವಳು ಇದನ್ನ ತಗೊಂಡು ಹೋಗಿದ್ಲು" ಅಂದ, ದನಿ ಸಣ್ಣಗೆ ಮಾಡಿ. "ಅವತ್ತಿಂದ ಮನೇಲಿ ಗೋಡೆ ಕಡೆ ಮುಖ ಮಾಡಿ ಮಲಗಲ್ಲ ಅಂತಾಳೆ." ತಾನೇ ದೀಪ ಹತ್ರ ತಂದು ಹಿಡಿದ. "ನೀಟಾಗಿ ಬರೀರಿ" ಅಂದ.

ಒಂದೊಂದು ಪ್ರತಿ ತಿದ್ದಿದ ಹಾಗೆ ಆ ಹೆಂಗಸು ಸವೆದುಹೋಗ್ತಾ ಬಂದ್ಲು. ಅಕ್ಕನಿಗೆ ಮೊದಲು ಪೂರ್ತಿ ಸಾಲು ಕಾಣ್ತಿದ್ದದ್ದು ಆಮೇಲೆ "ಗೋಡೆಗೆ ಒರಗಿ" ಅಂತ ಅಷ್ಟೇ. ಆಮೇಲೆ ಬರೀ "ಗೋಡೆಗೆ". ಆಮೇಲೆ ಅದೂ ಇಲ್ಲ. ಅಕ್ಕ ಮತ್ತೆ ಹದಿನಾಲ್ಕಕ್ಕೆ ಕೂತ್ಲು. ಭಾವನಿಗೆ ಬೈಗುಳ ಶುರುವಾಯ್ತು, ಆ ಸಂತೋಷಕ್ಕೆ ಅವರು ಬೀದಿಯವರಿಗೆಲ್ಲ ಟೀ ಕುಡಿಸಿದ್ರು.

ಟ್ರಂಕಲ್ಲಿದ್ದ ತನ್ನ ಪ್ರತಿ ಮಾತ್ರ ಅಕ್ಕ ತಿದ್ದಲಿಲ್ಲ. ಕೇಳಿದ್ರೆ, "ಅದು ಇರಲಿ. ನಾನು ಮಾಡಿದ್ದು, ನಮ್ಮನೇಲೇ ಇರಲಿ" ಅಂದ್ಲು.

ಹೀಗೆ ಮೂವತ್ತೈದು ವರ್ಷ ಕಳೀತು. ಅವಳು ಓದಿದ ಪುಸ್ತಕ ಜೋಡಿಸಿದ್ರೆ ಈ ಮನೆ ಗೋಡೆ ಇನ್ನೊಂದು ಏಳಬಹುದು. ಭಾವ ಹೋದ್ರು. ಮಕ್ಕಳಿರಲಿಲ್ಲ, ನಾನೇ ಹೋಗಿ ಅವಳನ್ನ ನಮ್ಮನೆಗೆ ಕರ್ಕೊಂಡು ಬಂದೆ, ಟ್ರಂಕಿನ ಸಮೇತ. ನೀನು ಆಗ ತೊಟ್ಟಿಲಲ್ಲಿದ್ದೆ. ನಿಂಗೆ ಅವಳು ವ್ಯಾಕರಣ ಪುಸ್ತಕ ಓದಿ ಮಲಗಿಸೋಳು, ಅದಕ್ಕೇ ನೀನು ಹೀಗೆ ವಾದ ಮಾಡ್ತೀಯ.

ನಿಂಗೆ ಐದು ತುಂಬೋ ಹೊತ್ತಿಗೆ ಅವಳ ಕಣ್ಣು ಮಂಜಾಯ್ತು, ಎದೆ ಬಡಿತ ಎಡವೋಕೆ ಶುರುವಾಯ್ತು. ಇನ್ನು ಕೆಲವು ವಾರ ಅಂದ್ರು ಡಾಕ್ಟ್ರು. ಅಕ್ಕ ನನ್ನ ಕರೆದು, "ಟ್ರಂಕಿನ ಪುಸ್ತಕ ತೆಗಿ. ಮುಗಿಸದೆ ಬಿಟ್ಟದ್ದು ಅದೊಂದೇ. ನೀನು ಓದು, ನಾನು ಕೇಳ್ತೀನಿ" ಅಂದ್ಲು.

"ನಂಗೆ ಓದೋಕೆ ಬರಲ್ಲ ಅಕ್ಕಾ, ಕೂಡಿಸಿ ಓದ್ತೀನಿ ಅಷ್ಟೆ."

"ಕೂಡಿಸೇ ಓದು. ಚುಕ್ಕೆ ಎಲ್ಲಾ ಹೇಳಿ ಓದು. ಇರೋದನ್ನ ಓದು, ನಿನ್ನ ಕಡೆಯಿಂದ ಏನೂ ಸೇರಿಸಬೇಡ. ಪ್ಯಾರಾ ಮಧ್ಯೆ ನಿಲ್ಲಿಸಬೇಡ."

ಎಪ್ಪತ್ತನೇ ವಯಸ್ಸಲ್ಲಿ ಶುರುಮಾಡಿದೆ ನೋಡು. ಮೊದಲನೇ ದಿನ ಹದಿನಾಲ್ಕು ಪುಟಕ್ಕೆ ನಾಲ್ಕು ಗಂಟೆ ಹಿಡೀತು. ನಾಲಿಗೆ ಒಣಗಿಹೋಯ್ತು. ಮೂರನೇ ದಿನಕ್ಕೆ ಸಲೀಸಾಯ್ತು. ಐದನೇ ದಿನ ನಾನೇ ಬೇಗ ಕೆಲಸ ಮುಗಿಸಿ ಕೂತೆ. ರುಚಿ ಹತ್ತಿಬಿಟ್ಟಿತ್ತು.

ಎಂಟನೇ ದಿನ. ಸಾಯಂಕಾಲ, ಬಿಸಿಲು ಇನ್ನೂ ಇತ್ತು. ಅಕ್ಕನನ್ನ ದಿಂಬು ಕೊಟ್ಟು ಗೋಡೆಗೆ ಒರಗಿಸಿದ್ದೆ. ಇಂಜೆಕ್ಷನ್ ಕೊಡೋಕೆ ನರ್ಸ್ ಹುಡುಗಿ ಬಂದು ಬ್ಯಾಗು ಬಿಚ್ಚುತಿದ್ಲು. ನಾನು ಪುಟದ ಕೊನೇ ಸಾಲಿಗೆ ಬಂದೆ. ಏನು ಓದಲಿ? "ಅತ್ತಳು" ಅಂದುಬಿಡೋಣ ಅನ್ನಿಸ್ತು. ಆದ್ರೆ ಇರೋದನ್ನೇ ಓದು ಅಂದಿದ್ಲಲ್ಲ. ಓದಿದೆ. "ಗೋಡೆಗೆ ಒರಗಿ ಕೂತು ಸತ್ತಳು, ಪೂರ್ಣ."

ಅಕ್ಕನ ತಲೆ ಪಕ್ಕಕ್ಕೆ ವಾಲಿತು.

ನರ್ಸ್ ಹುಡುಗಿ ಕೈ ಹಿಡಿದು ನೋಡಿದ್ಲು. ಎದೆಗೆ ಕೊಳವೆ ಇಟ್ಟು ನೋಡಿದ್ಲು. ಕಣ್ಣಿಗೆ ಬೆಳಕು ಬಿಟ್ಟು ನೋಡಿದ್ಲು. ಗೋಡೆ ಗಡಿಯಾರ ನೋಡಿದ್ಲು. "ಅಜ್ಜೀ... ಹೋದ್ರು ಅಜ್ಜೀ" ಅಂದ್ಲು.

ನಂಗೆ ಅಳು ಬರಲಿಲ್ಲ. ಏನು ಅನ್ನಿಸ್ತು ಗೊತ್ತಾ, ಪ್ಯಾರಾ ಮುಗಿದಿಲ್ಲ ಅನ್ನಿಸ್ತು. ಹದಿನಾಲ್ಕು ಪುಟ ಆಗಿತ್ತು, ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಕಣ್ಣು ಎದುರು ಪುಟಕ್ಕೆ ಹೋಯ್ತು. ಬಾಯಿ ತಾನೇ ಓದಿತು. "ಬೆಳಿಗ್ಗೆ ಎದ್ದು ಮುಖ ತೊಳೆದು, ಅಲ್ಪ, ಬಾಗಿಲು ತೆಗೆದಳು, ಪೂರ್ಣ."

"ಎದ್ದು ಆದ ಮೇಲೆ ಒಂದು ಅಲ್ಪ ಬಿಟ್ಟೆ" ಅಂದ್ಲು ಅಕ್ಕ.

ನರ್ಸ್ ಹುಡುಗಿ ಬ್ಯಾಗು ಅಲ್ಲೇ ಬಿಟ್ಟು ಓಡಿದ್ಲು. ಚಪ್ಪಲೀನೂ ಹಾಕ್ಕೊಳ್ಳಲಿಲ್ಲ. ಆಮೇಲೆ ಬೇರೆ ಯಾರನ್ನೋ ಕಳಿಸಿ ಬ್ಯಾಗು ತರಿಸ್ಕೊಂಡ್ಲು, ಚಪ್ಪಲಿ ಕೇಳಲೇ ಇಲ್ಲ.

ಮಾರನೇ ದಿನ ಬೆಳಿಗ್ಗೆ, ಎರಡು ತಿಂಗಳಿಂದ ಹಾಸಿಗೆ ಬಿಡದ ಅಕ್ಕ ಎದ್ದು, ಮುಖ ತೊಳೆದು, ಬೀದಿ ಬಾಗಿಲು ತೆಗೆದು ನಿಂತಿದ್ಲು. ಎಲ್ಲರಿಗೂ ಸಂತೋಷ. ನಿಮ್ಮಪ್ಪ ಅಂತೂ ಡಾಕ್ಟ್ರಿಗೆ ಗೇಲಿ ಮಾಡಿದ್ದೇ ಮಾಡಿದ್ದು. ನಂಗೊಬ್ಬಳಿಗೇ ಗೊತ್ತಾಗ್ತಿತ್ತು. ಅವಳ ಕೈ ತಣ್ಣಗಿತ್ತು, ಬಿಸಿಲಲ್ಲಿ ಕೂರಿಸಿದ್ರೂ ತಣ್ಣಗಿತ್ತು. ಹಸಿವು ಅನ್ನಲಿಲ್ಲ. ಮಂಜಾದ ಕಣ್ಣು ಎವೆ ಇಕ್ಕೋದು ಕಮ್ಮಿಯಾಗಿತ್ತು. ಆದ್ರೆ ನಗ್ತಿದ್ಲು, ಅಡುಗೆ ಮನೇಲಿ ನಂಗೆ ತಪ್ಪು ಹೇಳ್ತಿದ್ಲು, ನಿನ್ನ ಜಡೆ ಹೆಣೆದ್ಲು. ಅವಳ ಮಣಿಕಟ್ಟಿನ ನಾಡಿ ನಾನು ಹುಡುಕಲಿಲ್ಲ. ಹುಡುಕಿದ್ರೆ ಹೇಳಬೇಕಾಗ್ತಿತ್ತಲ್ಲ.

ನೂರಿಪ್ಪತ್ತಾರು ಪುಟ ಉಳಿದಿತ್ತು. ಹದಿನಾಲ್ಕರ ಲೆಕ್ಕದಲ್ಲಿ ಒಂಬತ್ತು ದಿನ. ಪುಸ್ತಕದಲ್ಲಿ ಆ ಹೆಂಗಸಿಗೆ ಇನ್ನೆಷ್ಟು ಪುಟವೋ, ನಮ್ಮಕ್ಕನಿಗೂ ಅಷ್ಟೇ ಅಂತ ನಂಗೆ ಖಾತ್ರಿಯಾಗಿತ್ತು. ನಾನೇನು ಮಾಡಿದೆ ಹೇಳು? ಮೋಸ ಮಾಡಿದೆ. ಹತ್ತು ಪುಟ ಓದಿ ಹದಿನಾಲ್ಕು ಅಂದೆ. ಆಮೇಲೆ ಆರು. ಆಮೇಲೆ ಎರಡು, ಮಧ್ಯೆ ಮಧ್ಯೆ ನೀರು ಕುಡಿದು, ಕೆಮ್ಮಿ. ಒಂದು ವಾರ ತಳ್ಳಿದೆ, ಎರಡು ವಾರ ತಳ್ಳಿದೆ. ಕೊನೇ ಪುಟಕ್ಕೆ ಬಂದಾಗ ಪುಸ್ತಕ ಮುಚ್ಚಿ, "ಕೊನೇ ಹಾಳೆ ಇಲ್ಲ ಅಕ್ಕಾ. ಹುಳ ತಿಂದುಬಿಟ್ಟಿದೆ" ಅಂದೆ.

ಅಕ್ಕ ಹುಬ್ಬೇರಿಸಿದ್ಲು. ಆಮೇಲೆ, "ಹುಳ ಬರೀ ಒಂದು ಹಾಳೆ ತಿಂದು, ಬಾಯಿ ಒರಸಿಕೊಂಡು ಹೋಯ್ತೇನೇ?" ಅಂದ್ಲು.

ನಂಗೆ ನಗು ಬಂತು, ಅಳೂ ಬಂತು.

"ಹದಿನಾಲ್ಕು ಅಂತ ಹೇಳಿ ಎರಡು ಓದ್ತಿದೀಯ. ನಲವತ್ತು ವರ್ಷ ಕಿವೀಲಿ ಪುಟ ಎಣಿಸಿದೋಳು ನಾನು. ಗೊತ್ತಾಗಲ್ವಾ?"

"ಮುಗಿಸೋದು ಬೇಡ ಅಕ್ಕಾ. ನಾಳೆಗೆ ಸ್ವಲ್ಪ ಇರಲಿ. ಹಸಿವು ಇಟ್ಕೊಂಡು ಏಳೋಣ."

"ನಂಗೆ ಹಸಿವೇ ಇಲ್ವಲ್ಲೇ ಈಗ" ಅಂದ್ಲು ಅಕ್ಕ. ತುಂಬಾ ಮೆತ್ತಗೆ ಹೇಳಿದ್ಲು. "ಬಿಸಿಲು ಮೈಗೆ ಹತ್ತಲ್ಲ. ನೀನು ಮುಟ್ಟಿದ್ದು ಗೊತ್ತಾಗಲ್ಲ. ಯಾರೋ ನಂಗೇನೋ ಹೇಳದೆ ಬಿಟ್ಟಿದೀರಿ. ನಾನೂ ಕೇಳಿಲ್ಲ. ಓದಮ್ಮ, ಸಾಕು."

ಓದದೇ ಇರಬಹುದಿತ್ತು. ಹಾಳೆ ಹರಿದು ಒಲೆಗೆ ಹಾಕಿದ್ರೆ ಅವಳು ಇವತ್ತಿಗೂ ಆ ಗೋಡೆಗೆ ಒರಗಿ ಕೂತಿರ್ತಿದ್ಲೋ ಏನೋ. ಅವಳನ್ನ ಹಾಗೆ ಕೂರಿಸೋಕೆ ನಂಗೆ ಮನಸ್ಸು ಬರಲಿಲ್ಲ. ಓದಿದೆ. ಒಂದಕ್ಷರ ನುಂಗಲಿಲ್ಲ, ಒಂದು ಅಲ್ಪ ಬಿಡಲಿಲ್ಲ. ಕಥೇಲಿ ಆ ಹೆಂಗಸು ಮಗಳ ಕೈಗೆ ಮನೆ ಬೀಗದ ಕೈ ಕೊಡ್ತಾಳೆ. ಬೀದಿಗಿಳೀತಾಳೆ. ತಿರುವಲ್ಲಿ ಒಂದು ಸಲ ನಿಂತು ಹಿಂದೆ ನೋಡ್ತಾಳೆ. ಎಲ್ಲಾ ಅರ್ಥ ಆದವಳ ಹಾಗೆ ತಲೆ ಆಡಿಸಿ ಹೋಗ್ತಾಳೆ. ಪೂರ್ಣ.

"ಸದ್ಯ, ಅವಳಿಗೆ ಗೊತ್ತಾಯ್ತು" ಅಂದ್ಲು ಅಕ್ಕ. ಆಮೇಲೆ ನನ್ನ ಕಡೆ ಮುಖ ತಿರುಗಿಸಿ, "ಚೆನ್ನಾಗಿ ಓದಿದೆ ಕಣೇ" ಅಂದ್ಲು.

ನಾನು ಅವಳ ಮಣಿಕಟ್ಟು ಹಿಡಿದೆ. ಆಗ ಹುಡುಕಿದೆ ನಾಡಿ, ಸಿಗಲಿಲ್ಲ. ಆಮೇಲೆ ಅವಳ ಕಿವಿ ಹತ್ರ ಬಗ್ಗಿ, ನರ್ಸ್ ಹುಡುಗಿ ಓಡಿಹೋದ ದಿನದಿಂದ ಯಾರೂ ಅವಳಿಗೆ ಹೇಳದೆ ಬಿಟ್ಟಿದ್ದನ್ನ ನಾನೇ ಹೇಳಿದೆ.